ಮೂರನೆಯ ಮಾತು ನುಂಗಿದ ಚಂದ್ರಾಮ

ಹೊಳೆ ದಂಡೆಯ ಮೇಲೆ ಮಹಾಂತಯ್ಯನವರ ಆಶ್ರಮ. ಬೆಳಗಾಗುತ್ತಲೇ ರೋಗಿಗಳು ಬಂದು ಜಗುಲಿ ತುಂಬುತ್ತಿದ್ದರು.

ಅಲ್ಲಿ ಒಂದು ಕಟ್ಟಳೆ ಇತ್ತು. ರೋಗಿಯ ಮೈ ಮುಟ್ಟುವ ಮೊದಲು ಯಾರಾದರೂ ಸರಿ, ಮೂರು ಮಾತು ಹೇಳಬೇಕು. ತನ್ನ ಹೆಸರು. ತಾನು ಮಾಡುವ ಕೆಲಸ. ತನಗೆ ಬಾರದ ಕೆಲಸ.

ಸೂಲಗಿತ್ತಿ ರುಕ್ಮವ್ವ ಎಲೆಯಡಿಕೆ ಜಗಿಯುತ್ತಲೇ ಹೇಳಿಬಿಡುತ್ತಿದ್ದಳು. "ನಾನು ರುಕ್ಮವ್ವ. ಹೆರಿಗೆ ಮಾಡಿಸ್ತೀನಿ. ಜ್ವರಗಿರ ನನಗೆ ತಿಳಿಯೋದಿಲ್ಲ."

ಶಿಷ್ಯ ಚಂದ್ರಾಮನೂ ನಾಲ್ಕು ವರ್ಷ ಹೇಳಿಕೊಂಡು ಬಂದ. "ನಾನು ಚಂದ್ರಾಮ. ಗಾಯ ತೊಳೆದು ಬಟ್ಟೆ ಕಟ್ತೀನಿ. ನಾಡಿ ನೋಡೋಕೆ ಬರೋದಿಲ್ಲ."

ಕಟ್ಟು ಮುಗಿದ ಮೇಲೆ ರೋಗಿಯನ್ನು ಒಳಕೋಣೆಗೆ ಕಳಿಸುತ್ತಿದ್ದ. ನಾಡಿ ನೋಡುವ ಮಹಾಂತಯ್ಯನವರು ಕೂರುತ್ತಿದ್ದದ್ದು ಅಲ್ಲಿ. ಜಗುಲಿಯಿಂದ ಎಣಿಸಿದರೆ ಹತ್ತು ಹೆಜ್ಜೆ.

ಒಂದು ದಿನ ಗಾಣದ ಮನೆಯ ಹೆಂಗಸು ಮೊಣಕೈ ತೋರಿಸಿ, "ನೋವು ಇಳೀತು ನೋಡ್ರಿ, ವೈದ್ಯರೇ" ಅಂದಳು.

ಅಲ್ಲ ಅನ್ನಬೇಕಿತ್ತು. ಚಂದ್ರಾಮ ಅನ್ನಲಿಲ್ಲ. ಮದುವಣಿಗನ ಹಾಗೆ ತಲೆ ತಗ್ಗಿಸಿ ನಕ್ಕ. ನಕ್ಕಿದ್ದನ್ನು ಜಗುಲಿಯ ಮೇಲಿದ್ದ ಹನ್ನೆರಡು ಜನ ಕಣ್ಣಾರೆ ಕಂಡರು.

ಆಮೇಲೆ ಹೆಗಲಿಗೊಂದು ಶಲ್ಯ ಬಂತು. ಶಲ್ಯದ ಹಿಂದೆಯೇ ಒಂದು ಕೆಮ್ಮು ಬಂತು, ಮಾತಿಗೆ ಮುಂಚೆ ಕೆಮ್ಮುವ ದೊಡ್ಡಸ್ತಿಕೆಯ ಕೆಮ್ಮು. ಮೂರನೆಯ ಮಾತು ಮೊದಮೊದಲು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕೊನೆಗೆ ಹೊಟ್ಟೆಗೇ ಇಳಿದುಹೋಯಿತು.

"ನಾನು ವೈದ್ಯ ಚಂದ್ರಾಮ." ಅಷ್ಟಕ್ಕೇ ಮುಗಿಯಿತು.

ಇಂಥ ರುಚಿ ಒಬ್ಬನ ನಾಲಿಗೆಯ ಮೇಲೇ ನಿಂತೀತೇ. ತಿಂಗಳು ತುಂಬುವುದರೊಳಗೆ ಸೊಪ್ಪು ಕಿತ್ತು ತರುವ ಫಕೀರಪ್ಪ ಪಂಡಿತನಾದ. ಕಷಾಯ ಕುದಿಸುವ ನೀಲವ್ವ ಡಾಕ್ಟರಮ್ಮ ಆದಳು, ಒಲೆ ಊದುವುದನ್ನೂ ಬಿಟ್ಟಳು. ಹೊಟ್ಟೆನೋವೆಂದು ಬಂದ ಮುದುಕನೊಬ್ಬ ವೈದ್ಯರಿಂದ ಪಂಡಿತರಿಗೆ, ಪಂಡಿತರಿಂದ ಡಾಕ್ಟರಮ್ಮನಿಗೆ ಸುತ್ತಿ ಸುತ್ತಿ ಸಾಕಾಗಿ ಮನೆಗೆ ಹೋಗಿ ಮಲಗಿದ.

ರುಕ್ಮವ್ವ ಜಗುಲಿಯ ಕೆಳಗೆ ಉಗಿದು ಬಂದಳು.

"ರೋಗಿಗಳಿಗಿಂತ ವೈದ್ಯರೇ ಹೆಚ್ಚಾದರಲ್ಲೋ, ಚಂದ್ರಾಮ. ಇನ್ನು ನಾವೇ ಸರದಿ ಮೇಲೆ ಕಾಯಿಲೆ ಬೀಳಬೇಕು."

"ನಾನೇನು ಕರೀರಿ ಅಂದೆನೇ, ಅಜ್ಜಿ. ಜನ ಕರೀತಾರೆ."

"ನನ್ನನ್ನ ಜನ ಏನೇನೋ ಕರೀತಾರಪ್ಪ. ಎಲ್ಲಕ್ಕೂ ನಾನು ಹೂಂ ಅನ್ನೋದಿಲ್ಲ."

ಆ ದಿನಗಳಲ್ಲೇ ಆಚೆ ದಂಡೆಯಿಂದ ಅಂಬಿಗ ಯಂಕಪ್ಪ ಬಂದ. ಕಾಲಿನ ಹೆಬ್ಬೆರಳ ಕೆಳಗೆ ಒಂದು ಹುಣ್ಣು. ನೋವೇ ಇರಲಿಲ್ಲ, ಅದೇ ವಿಚಿತ್ರ ಅಂದ.

ಚಂದ್ರಾಮ ತೊಳೆದ. ಕಟ್ಟಿದ. ಕಟ್ಟು ಚೆನ್ನಾಗಿಯೇ ಇತ್ತು.

"ಒಳಗೆ ಯಾರೋ ಅಯ್ಯನೋರು ಇದ್ದಾರಂತಲ್ಲ, ಅವರಿಗೂ ತೋರಿಸಿ ಹೋಗಲೇ" ಎಂದು ಯಂಕಪ್ಪ ಕೇಳಿದ.

ಚಂದ್ರಾಮ ಕೆಮ್ಮಿದ. "ವೈದ್ಯ ನೋಡಿ ಆಯ್ತಲ್ಲ. ಮತ್ತೆ ಯಾಕೆ."

ಯಂಕಪ್ಪ ಆ ಹತ್ತು ಹೆಜ್ಜೆ ನಡೆಯಲಿಲ್ಲ. ಮೂರು ವಾರ ಬಂದ, ಮೂರು ವಾರ ಕಟ್ಟಿಸಿಕೊಂಡ, ಮೂರು ವಾರ ಜಗುಲಿಯಿಂದಲೇ ತಿರುಗಿ ಹೋದ.

ನಾಲ್ಕನೆಯ ವಾರ ಚಂದ್ರಾಮ ಬೆಳಿಗ್ಗೆ ಜಗುಲಿಗೆ ಬಂದರೆ ಅವನ ಮಣೆಯ ಮೇಲೆ ಮಹಾಂತಯ್ಯನವರು ಕೂತಿದ್ದಾರೆ. ಹಳೆ ಪಂಚೆ ಹರಿದು ಪಟ್ಟಿ ಸುತ್ತುತ್ತಿದ್ದಾರೆ.

"ಗುರುಗಳೇ, ಇದು ನನ್ನ ಜಾಗ."

"ನಿನ್ನದು ಒಳಗೆ."

"ಒಳಗೆ ನಿಮ್ಮ ಗದ್ದಿಗೆ ಅಲ್ಲವೇ."

"ವೈದ್ಯನ ಗದ್ದಿಗೆ. ಹೋಗಿ ಕೂತುಕೋ."

ಚಂದ್ರಾಮನಿಗೆ ಬುಡ ತಿಳಿಯಲಿಲ್ಲ, ತುದಿ ತಿಳಿಯಲಿಲ್ಲ. ಇದು ಮೆಚ್ಚುಗೆಯೋ, ಕೆನ್ನೆಗೆ ಕೊಟ್ಟ ಏಟೋ. ಗುರುಗಳ ಮುಖ ನೋಡಿದ. ಅವರು ಪಟ್ಟಿಯ ಅಂಚು ಸರಿ ಮಾಡುತ್ತಿದ್ದರು. ರುಕ್ಮವ್ವನ ಮುಖ ನೋಡಿದ. ಅವಳು ಆಕಾಶ ನೋಡುತ್ತಿದ್ದಳು, ಅಲ್ಲಿ ಹದ್ದೂ ಇರಲಿಲ್ಲ.

ಹೋಗಿ ಕೂತ. ಕೂತರೆ ಗದ್ದಿಗೆ ಮೆತ್ತಗಿತ್ತು. ಆದರೂ ಬೆನ್ನು ಊರಲು ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಯಂಕಪ್ಪನ ಹೆಂಡತಿ ದುರ್ಗವ್ವ ಗಂಡನನ್ನು ಹೊತ್ತ ಹಾಗೆಯೇ ಹಿಡಿದು ತಂದಳು. ಅವನ ಮೈ ಕೆಂಡ. ಬಟ್ಟೆ ಬಿಚ್ಚಿದರೆ ಬೆರಳುಗಳು ಕಪ್ಪಗಿದ್ದವು.

ಹೊರಗಿನ ಮಾತು ಒಳಗೆ ಕೇಳಿಸುತ್ತಿತ್ತು.

"ನಾನು ಮಹಾಂತಯ್ಯ. ಇವತ್ತು ಗಾಯ ತೊಳೀತಿದ್ದೀನಿ. ಈ ಕಾಲು ಉಳಿಸೋದು ನನಗೆ ಬರೋದಿಲ್ಲ. ದೊಡ್ಡಾಸ್ಪತ್ರೆಗೆ ಹೋಗಬೇಕು, ತಾಯಿ, ಈಗಲೇ. ರುಕ್ಮವ್ವ, ಆ ಟೆಂಪೋದವನನ್ನ ಕೂಗು."

ದುರ್ಗವ್ವ ಕೇಳಲಿಲ್ಲ. ಮಣೆಯ ಮೇಲೆ ಪಟ್ಟಿ ಸುತ್ತುವ ಮುದುಕನ ಮಾತಿಗೆ ಗಂಡನ ಕಾಲು ಕೊಡಲು ಅವಳೇನು ಹುಚ್ಚಿಯೇ. ನೇರ ಒಳಗೆ ನುಗ್ಗಿ ಚಂದ್ರಾಮನ ಮುಂದೆ ನಿಂತಳು.

"ವೈದ್ಯರೇ, ಹೊರಗೆ ಆ ಕಟ್ಟು ಕಟ್ಟೋ ಮುದುಕ ಆಸ್ಪತ್ರೆಗೆ ಹೋಗು ಅಂತಾನೆ. ಅಲ್ಲಿ ಹೋದರೆ ಕಾಲು ಕತ್ತರಿಸ್ತಾರೆ. ಕಾಲೂರದೆ ದೋಣಿ ಹುಟ್ಟು ಹಾಕೋಕೆ ಆಗತ್ತೇನ್ರಿ. ನೀವು ವೈದ್ಯರು. ಮೂರು ವಾರದಿಂದ ನೋಡಿದೋರು. ನೀವು ಬೇಡ ಅನ್ನಿ, ಮನೆಗೆ ಕರಕೊಂಡು ಹೋಗ್ತೀನಿ."

ಚಂದ್ರಾಮ ಬಾಗಿಲ ಕಡೆ ನೋಡಿದ. ಗುರುಗಳು ಬರಲಿಲ್ಲ. ಅವರ ಮಾತು ಮುಗಿದಿತ್ತು.

ಗುರುಗಳ ಮಾತಿಗಿಂತ ತನ್ನ ಮಾತಿಗೆ ಬೆಲೆ. ಇಂಥ ದಿನ ಬರಲೆಂದು ಅವನು ಕನಸು ಕಂಡದ್ದುಂಟು. ಬಂದ ಮೇಲೆ ನೋಡಿದರೆ ಆ ಕೆಮ್ಮೂ ಬರಲಿಲ್ಲ.

"ದುರ್ಗವ್ವ, ಹೊರಗಿರೋರೇ ವೈದ್ಯರು."

"ಹಾಗಾದರೆ ನೀವು?"

"ನಾನು ಚಂದ್ರಾಮ. ಗಾಯ ತೊಳೆದು ಬಟ್ಟೆ ಕಟ್ತೀನಿ." ಉಸಿರು ಎಳೆದುಕೊಂಡ. "ನಾಡಿ ನೋಡೋಕೆ ಬರೋದಿಲ್ಲ. ಆ ಹುಣ್ಣು ಯಾಕೆ ಮಾಯಲಿಲ್ಲ ಅನ್ನೋದು ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಅವರು ಹೇಳಿದ ಹಾಗೆ ಹೊರಡಿ."

ದುರ್ಗವ್ವ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಮೂರು ವಾರ ಯಾರ ಕೈಗೆ ಕಾಲು ಕೊಟ್ಟಿದ್ವಿ ನಾವು" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟಳು.

ಚಂದ್ರಾಮನೂ ಟೆಂಪೋ ಹತ್ತಿದ. ಶಲ್ಯವನ್ನು ಮಡಚಿ ಯಂಕಪ್ಪನ ಕಾಲಿನ ಕೆಳಗೆ ಇಟ್ಟ.

ಆಸ್ಪತ್ರೆಯ ಡಾಕ್ಟರು ಸಕ್ಕರೆ ಕಾಯಿಲೆ ಅಂದರು. ಮೊದಲೇ ಬಂದಿದ್ದರೆ ಒಂದು ಬೆರಳೂ ಹೋಗುತ್ತಿರಲಿಲ್ಲ, ನಾಳೆ ಬಂದಿದ್ದರೆ ಆಳೇ ಉಳಿಯುತ್ತಿರಲಿಲ್ಲ ಅಂದರು. ಐದು ಬೆರಳು ತೆಗೆದರು. ಹಿಮ್ಮಡಿ ಉಳಿಯಿತು.

ಆಶ್ರಮದಲ್ಲಿ ಫಕೀರಪ್ಪ ಮತ್ತೆ ಸೊಪ್ಪು ಕಿತ್ತ, ನೀಲವ್ವ ಮತ್ತೆ ಒಲೆ ಊದಿದಳು. ಯಾರೂ ಅವರಿಗೆ ಏನೂ ಹೇಳಿರಲಿಲ್ಲ. ಮಹಾಂತಯ್ಯನವರು ಒಳಗೆ ಹೋಗಿ ಕೂತರು.

ಎರಡು ತಿಂಗಳ ಮೇಲೆ ಯಂಕಪ್ಪ ಕೋಲೂರಿಕೊಂಡು ದೋಣಿಯಿಂದ ಇಳಿದ. ಹುಟ್ಟು ಹಾಕುತ್ತಿದ್ದವಳು ದುರ್ಗವ್ವ.

ಚಂದ್ರಾಮ ಮೆಟ್ಟಿಲ ಮೇಲೆ ಪಟ್ಟಿ ಒಗೆಯುತ್ತಿದ್ದ.

"ವೈದ್ಯರೇ" ಎಂದು ಯಂಕಪ್ಪ ಕೂಗಿದ.

ಚಂದ್ರಾಮ ತಿರುಗಿ ನೋಡಿದ.

ನೋಡಿದವನ ಮುಖ ಸುಟ್ಟಂತಾಯಿತು. ಒದ್ದೆ ಪಟ್ಟಿ ಅಲ್ಲೇ ಬಿಟ್ಟು ಒಳಕೋಣೆಗೆ ಓಡಿದ.

"ಗುರುಗಳೇ, ಆಸ್ಪತ್ರೆಯಲ್ಲೇ ಅವನ ಕಾಲು ಹಿಡಿದು ಹೇಳಿದ್ದೆ, ನಾನು ವೈದ್ಯ ಅಲ್ಲ ಅಂತ. ಆಮೇಲೂ ಮೂರು ಸಲ ಹೋಗಿ ಹೇಳಿದೆ. ಹೂಂ ಹೂಂ ಅಂತ ಕೇಳಿಸಿಕೊಂಡ. ಇವತ್ತು ಬಂದವನೇ ಮತ್ತೆ ವೈದ್ಯರೇ ಅಂತಾನೆ. ಚುಚ್ಚೋಕೆ ಅಂತಾನೋ, ಪ್ರೀತಿಯಿಂದ ಅಂತಾನೋ, ಅಭ್ಯಾಸಕ್ಕೆ ಅಂತಾನೋ, ನನಗೆ ತಿಳೀತಿಲ್ಲ. ಅವನು ಯಾಕೆ ನನ್ನನ್ನ ಹಾಗೆ ಕರೀತಾನೆ?"

ಮಹಾಂತಯ್ಯನವರು ಆಗಲೇ ಎದ್ದು, ಹೊಳೆಯ ಕಡೆ ಹೊರಟಿದ್ದರು.

"ಅವನು ವೈದ್ಯನನ್ನ ಕರೆದ. ನೀನು ಯಾಕೆ ತಿರುಗಿ ನೋಡಿದೆ?"