ಪಂಪು ಮನೆಯಲ್ಲಿ ಬಿಟ್ಟವನು

"ಅಜ್ಜಾರ, ಸೈಕಲ್ಲಿಗೆ ಏನೇನ ಕಟ್ಟಿಕೊಳ್ಳಲಿ, ಏನೇನ ಬಿಡ್ಲಿ?"

ಕೇಳಿದವನು ಅಡಿವೆಯ್ಯ. ಮಠದ ದಾಸೋಹಕ್ಕೆ ಜೋಳ ಬೇಡಿ ತರಲು ಮರುದಿನ ಬೆಳಗ್ಗೆ ಅವನು ಹೊರಡಬೇಕಿತ್ತು. ಊರೂರು ತಿರುಗುವ ಕೆಲಸ, ದಾರಿಯ ತುಂಬ ಜಾಲಿಮುಳ್ಳು. ಹೀಗಾಗಿ ಮಠದ ಕಟ್ಟೆಯ ಮೇಲೆ ಸಾಮಾನು ಹರವಿಕೊಂಡು ಕುಳಿತಿದ್ದ. ಪಂಪು, ಟ್ಯೂಬುಗಳು, ನಟ್ಟು ಬಿಚ್ಚುವ ಪಾನಾ, ಪಂಚರಿನ ಡಬ್ಬಿ, ಚೈನಿನ ತುಂಡು, ಒಂದು ಹಿಡಿ ಚಕ್ರದ ಕಡ್ಡಿ. ಎಲ್ಲ ಕಟ್ಟಿ ಎತ್ತಿ ನೋಡಿದರೆ ಭಾರ. ಬಿಚ್ಚಿ ಒಂದನ್ನು ತೆಗೆದಿಟ್ಟರೆ, ದಾರಿಯಲ್ಲಿ ಅದೇ ಬೇಕಾದರೆ ಏನು ಗತಿ ಎಂಬ ಭಯ. ಮತ್ತೆ ಕಟ್ಟುತ್ತಿದ್ದ. ನೋಡಿದವರಿಗೆ ಅವನು ಜೋಳ ತರಲು ಹೊರಟಿದ್ದಾನೋ ಸೈಕಲ್ ಅಂಗಡಿ ಇಡಲು ಹೊರಟಿದ್ದಾನೋ ತಿಳಿಯುವಂತಿರಲಿಲ್ಲ.

ಅವನಿಗೆ ಜ್ವರ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅವನ ಸುತ್ತಾಟ ಇನ್ನೊಬ್ಬರ ಹೆಗಲಿಗೆ ಬೀಳುತ್ತದೆ. ತಂದೆತಾಯಿ ಇಲ್ಲದೆ ಮಠದ ಬಾಗಿಲಿಗೆ ಬಂದವನು ತಾನು. ಅನ್ನ ಹಾಕಿದವರ ಹತ್ತಿರ ಆರೈಕೆಯನ್ನೂ ಕೇಳುವುದು ಹೇಗೆ ಎಂಬುದು ಅವನ ಸಂಕೋಚ. ಮೈ ನಡುಗಿದಾಗ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದ, ಅಷ್ಟೇ.

ಮಠದ ಮಂದಿಯೆಲ್ಲ ಅಜ್ಜಾರು ಎಂದೇ ಕರೆಯುವ ಗುರುಗಳು ಅವನ ಪಕ್ಕದಲ್ಲಿ ಕುಳಿತರು. ಸಾಮಾನನ್ನು ಒಂದೊಂದಾಗಿ ಎತ್ತಿ ನೋಡಿದರು, ಇದ್ದಲ್ಲೇ ಇಟ್ಟರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಕುಪ್ಪಸದ ಖಣಗಳನ್ನು ಸೈಕಲ್ಲಿಗೆ ಹೇರಿಕೊಂಡು ಹಳ್ಳಿಹಳ್ಳಿಗೆ ಹೋಗಿ ಮಾರುತ್ತಿದ್ದ. ಒಳ್ಳೆಯ ಮನುಷ್ಯ. ಅಳತೆಯಲ್ಲಿ ಮೋಸವಿಲ್ಲ, ಮಾತಿನಲ್ಲಿ ಗಡಸಿಲ್ಲ. ಇದ್ದ ಹಟ ಒಂದೇ. ಯಾರ ಮುಂದೆಯೂ ಕೈಚಾಚಬಾರದು.

ಆ ಹಟ ಸುಮ್ಮನೆ ಬಂದದ್ದಲ್ಲ. ಅವನು ಚಿಕ್ಕವನಿದ್ದಾಗ ಮನೆಯಲ್ಲಿ ಉಪ್ಪಿದ್ದರೆ ಖಾರವಿಲ್ಲ, ಖಾರವಿದ್ದರೆ ಎಣ್ಣೆಯಿಲ್ಲ. ತಾಯಿ ಕೈಗೊಂದು ಬಟ್ಟಲು ಕೊಟ್ಟು ನೆರೆಮನೆಗೆ ಕಳಿಸುತ್ತಿದ್ದಳು. ಒಳಗಿನವರು 'ಮತ್ತ ಬಂದ ನೋಡು' ಅನ್ನುವುದು ಬಾಗಿಲಲ್ಲಿ ನಿಂತವನಿಗೆ ಕೇಳಿಸುತ್ತಿತ್ತು. ಬಟ್ಟಲನ್ನು ಬೆನ್ನ ಹಿಂದೆ ಅಡಗಿಸಿ ನಿಲ್ಲುತ್ತಿದ್ದ. ದೊಡ್ಡವನಾಗಿ ನಾಲ್ಕು ಕಾಸು ಕಂಡ ಮೇಲೆ ಮನೆಯಲ್ಲಿ ಎಲ್ಲವನ್ನೂ ಬೇಕಾದ್ದಕ್ಕಿಂತ ಹೆಚ್ಚೇ ತಂದಿಟ್ಟ. ಸೈಕಲ್ ಕೊಂಡಾಗ ಅದಕ್ಕೂ ಅದೇ ನಿಯಮವಾಯಿತು.

ಆ ದಾರಿಯಲ್ಲಿ ಸೈಕಲ್ ತುಳಿಯುವ ಉಳಿದವರು ಯಾರೂ ಎಲ್ಲವನ್ನೂ ಹೊತ್ತು ತಿರುಗುತ್ತಿರಲಿಲ್ಲ. ಹಾಲಿನವನ ಹತ್ತಿರ ಪಂಪು ಇರುತ್ತಿತ್ತು. ಶಾಲೆಯ ಮಾಸ್ತರರ ಚೀಲದಲ್ಲಿ ಪಂಚರಿಗೆ ಹಚ್ಚುವ ರಬ್ಬರ್ ತ್ಯಾಪಿ ಮತ್ತು ಸೊಲ್ಯೂಷನ್. ಚಾಪೆ ಮಾರುವವನ ಹತ್ತಿರ ಪಾನಾ. ಯಾರ ಸೈಕಲ್ ಕೆಟ್ಟರೂ ಕೆಟ್ಟಲ್ಲೇ ಕೂರುವುದು, ಹಿಂದೆ ಬಂದವನು ಇಳಿಯುವುದು. ಅವನ ಹತ್ತಿರವೂ ಬೇಕಾದ್ದು ಇಲ್ಲದಿದ್ದರೆ ಇಬ್ಬರೂ ಕೂತು ಮೂರನೆಯವನಿಗೆ ಕಾಯುವುದು. ಅಷ್ಟರಲ್ಲಿ ಎಲೆಯಡಿಕೆ ಆಗುತ್ತಿತ್ತು, ಒಬ್ಬರ ಮಗಳಿಗೆ ಇನ್ನೊಬ್ಬರ ಊರಿನ ವರ ಗೊತ್ತಾಗುತ್ತಿತ್ತು. ಕೆಲಸಕ್ಕೆ ತಡವಾಗುತ್ತಿದ್ದದ್ದು ನಿಜ. ಅದಕ್ಕೆ ಯಾರೂ ಬೇಸರಪಟ್ಟದ್ದಿಲ್ಲ.

ವ್ಯಾಪಾರಿಗೆ ಇದು ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತ ಹಾಗೆಯೇ ಕಾಣುತ್ತಿತ್ತು. ಅವನು ದೊಡ್ಡದೊಂದು ಚೀಲ ಹೊಲಿಸಿ, ಅದರಲ್ಲಿ ಎಲ್ಲವನ್ನೂ ತುಂಬಿ ಕ್ಯಾರಿಯರಿಗೆ ಬಿಗಿದ. ಖಣದ ಗಂಟಿಗಿಂತ ಆ ಚೀಲವೇ ಭಾರವಾಯಿತು. ಏರು ಬಂದಾಗ ಇಳಿದು ತಳ್ಳಬೇಕಾಗುತ್ತಿತ್ತು. ತಳ್ಳುತ್ತಿದ್ದನೇ ಹೊರತು ಒಂದು ನಟ್ಟನ್ನೂ ಕಡಿಮೆ ಮಾಡಲಿಲ್ಲ.

ಅವನು ಪಂಚರ್ ಹಾಕುತ್ತ ಕೂತಿದ್ದಾಗ ಮೊದಮೊದಲು ಬೇರೆಯವರು ಇಳಿದು ಕೇಳುತ್ತಿದ್ದರು, "ಏನಾತ್ರೀ ಸಾಹುಕಾರ? ಏನರ ಬೇಕೇನು?" ಅವನು ತಲೆಯೆತ್ತದೆ ಬಲಗೈ ಮೇಲೆತ್ತಿ ಹೇಳುತ್ತಿದ್ದ, "ನನ್ನ ಹತ್ರ ಎಲ್ಲಾ ಐತ್ರಿ. ನೀವು ನಡೀರಿ." ಬರಬರುತ್ತ ಅವರು ಇಳಿಯುವುದನ್ನು ಬಿಟ್ಟರು. ಅವನು ಕೈಯೆತ್ತುವುದು, ಅವರು ಗಂಟೆ ಬಾರಿಸಿ ಮುಂದೆ ಹೋಗುವುದು, ಹೀಗೆ ರೂಢಿಯಾಯಿತು. ಆ ಗಂಟೆಯ ಸದ್ದು ಅವನಿಗೆ ಮರ್ಯಾದೆ ಕೊಟ್ಟಂತೆ ಕೇಳಿಸುತ್ತಿತ್ತು. ಕೇಳಿದವರಿಗೆ ಅವನು ತನ್ನ ಸಾಮಾನು ಕೊಡುತ್ತಿರಲಿಲ್ಲವೆಂದಲ್ಲ. ಎರಡು ಮಾತಿಲ್ಲದೆ ಕೊಡುತ್ತಿದ್ದ. ಆದರೆ ಕೂತು ಎಲೆಯಡಿಕೆ ಹಾಕುತ್ತಿರಲಿಲ್ಲ.

ಒಂದು ದಿನ ಮೈ ಬಿಸಿಯಿದ್ದರೂ ವ್ಯಾಪಾರಕ್ಕೆ ಹೊರಟ. ಮನೆಯಲ್ಲಿ ಹೆಂಡತಿಗೆ ಹೇಳಲಿಲ್ಲ. ಬಿಸಿಲು ಏರಿತು, ಬಾಟಲಿಯ ನೀರು ಬೇಗ ತೀರಿತು. ನಡುದಾರಿಯಲ್ಲಿ ಕಣ್ಣಿಗೆ ಕತ್ತಲೆ ಬಂತು. ಸೈಕಲ್ಲನ್ನು ಒಂದು ಮರಕ್ಕೆ ಆನಿಸಿ ಕೂತ. ಚೀಲದ ಭಾರಕ್ಕೆ ಸೈಕಲ್ ಅವನ ಪಕ್ಕದಲ್ಲೇ ಉರುಳಿತು. ಎತ್ತಲು ಹೋದ, ಆಗಲಿಲ್ಲ. ದೂರದಿಂದ ನೋಡಿದರೆ ದಿನದ ಹಾಗೆಯೇ ರಿಪೇರಿಗೆ ಕೂತಂತೆ ಕಾಣುತ್ತಿತ್ತು.

ಚಾಪೆಯವನು ಬಂದ. ವ್ಯಾಪಾರಿ ಕರೆಯಲು ಬಾಯಿ ತೆರೆದ. ನಾಲಿಗೆ ಒಣಗಿತ್ತು, ಧ್ವನಿ ಬರಲಿಲ್ಲ. ಬಲಗೈ ಎತ್ತಿದ. ಚಾಪೆಯವನು ಗಂಟೆ ಬಾರಿಸಿ ಹೋದ.

ಮಾಸ್ತರರು ಬಂದರು. ಅವನು ಮತ್ತೆ ಕೈಯೆತ್ತಿದ. ಅವರೂ ಗಂಟೆ ಬಾರಿಸಿ ಹೋದರು. ಹಾಲಿನವನಂತೂ ಎರಡು ಸಲ ಬಾರಿಸಿ, ನಕ್ಕು ಹೋದ. ಅವರಲ್ಲಿ ಯಾರೂ ಕೆಟ್ಟವರಲ್ಲ. ಇಷ್ಟು ವರ್ಷ ಅವನೇ ಕಲಿಸಿದ್ದನ್ನು ಅವರು ಚೆನ್ನಾಗಿ ಕಲಿತಿದ್ದರು. ವ್ಯಾಪಾರಿಗೆ ಆಗ ಹೆದರಿಕೆಯಾಯಿತು. ಕೈಯ ಅಳತೆಯಲ್ಲೇ ಅಷ್ಟು ದೊಡ್ಡ ಚೀಲ ಬಿದ್ದಿದೆ, ಅದರೊಳಗೆ ತನ್ನನ್ನು ಎಬ್ಬಿಸುವಂಥದ್ದು ಒಂದೂ ಇಲ್ಲ. ಇಲ್ಲೇ ಸಾಯುತ್ತೇನೆ ಅಂದುಕೊಂಡ.

ಹಾಲಿನವನಿಗೆ ಮುಂದೆ ಒಬ್ಬ ರೊಟ್ಟಿ ಮಾರುವ ಹೆಂಗಸು ಎದುರಾದಳು. ಆ ದಾರಿಗೆ ಹೊಸಬಳು. ಪಂಚರಾದ ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದಳು. ತ್ಯಾಪಿ ಇದೆಯೇ ಎಂದು ಕೇಳಿದಳು. ತನ್ನ ಹತ್ತಿರ ಪಂಪು ಮಾತ್ರ ಇರುವುದು, ಸ್ವಲ್ಪ ಮುಂದೆ ಮರದ ಬುಡದಲ್ಲಿ ಖಣದ ಸಾಹುಕಾರ ಕೂತಿದ್ದಾನೆ, ಅವನ ಹತ್ತಿರ ಇಲ್ಲದ್ದೇ ಇಲ್ಲ ಎಂದು ಅವನು ಹೇಳಿದ. ಅವಳು ತಳ್ಳಿಕೊಂಡು ಬಂದಳು.

ವ್ಯಾಪಾರಿ ಅವಳನ್ನು ನೋಡಿ ಕೈಯೆತ್ತಿದ. ಆ ಕೈಯ ಅರ್ಥ ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳಿಗೆ ಬೇಕಾದದ್ದು ತ್ಯಾಪಿ. ನೇರವಾಗಿ ಹತ್ತಿರ ಬಂದಳು, ಕೇಳಲು ಬಗ್ಗಿದಳು, ಅವನ ಒಣಗಿದ ತುಟಿ ನೋಡಿದಳು. ತ್ಯಾಪಿ ಮರೆತು ತನ್ನ ಬುಟ್ಟಿಯಿಂದ ಮಜ್ಜಿಗೆಯ ತಂಬಿಗೆ ತೆಗೆದು ಅವನ ಮುಂದೆ ಹಿಡಿದಳು.

ಆಗಲೂ ಆ ಪುಣ್ಯಾತ್ಮ ಪಿಸುಗುಟ್ಟಿದ್ದು ಇದನ್ನೇ: "ಬ್ಯಾಡ ತಂಗಿ, ನನ್ನ ಹತ್ರ ಎಲ್ಲಾ ಐತಿ."

"ಎಲ್ಲಾ ಇದ್ದವ್ರು ಹಿಂಗ ಬಿದ್ದಿರ್ತಾರೇನ್ರೀ ಅಣ್ಣಾರ? ಸುಮ್ನ ಕೈ ಮುಂದ ಮಾಡ್ರಿ," ಎಂದಳು ಅವಳು.

ವ್ಯಾಪಾರಿ ಎರಡೂ ಕೈ ಜೋಡಿಸಿ ಬೊಗಸೆ ಮಾಡಿದ. ಎಷ್ಟೋ ವರ್ಷಗಳ ಮೇಲೆ ಅವನು ಒಬ್ಬರ ಮುಂದೆ ಕೈಚಾಚಿದ್ದು. ಅವಳು ಸುರಿದಳು, ಅವನು ಕುಡಿದ. ಅರ್ಧ ಮಜ್ಜಿಗೆ ಗಂಟಲಿಗೆ ಹೋಯಿತು, ಅರ್ಧ ಅಂಗಿಗೆ ಹೋಯಿತು. ಅವನು ಅಳುತ್ತಿದ್ದ. 'ಮತ್ತ ಬಂದ ನೋಡು' ಎಂದು ಯಾರೂ ಅನ್ನಲಿಲ್ಲ.

ಹಾಲಿನವನು ತಿರುಗಿ ಬರುವ ತನಕ ಅವಳು ಅಲ್ಲೇ ಕೂತಳು. ತನ್ನ ಸೆರಗಿನಿಂದಲೇ ಗಾಳಿ ಬೀಸಿದಳು. ಹಾಲಿನವನು ಬಂದು ಸಂಗತಿ ತಿಳಿದು, ತಾನು ನಕ್ಕು ಹೋದದ್ದನ್ನು ನೆನೆದು ನಾಚಿದ. ವ್ಯಾಪಾರಿಯನ್ನು ತನ್ನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಮನೆ ಮುಟ್ಟಿಸಿದ.

ಗುಣವಾದ ಮೇಲೆ ವ್ಯಾಪಾರಿ ಚೀಲ ಬಿಚ್ಚಿ ಕೂತ. ಭಾರದ್ದನ್ನೆಲ್ಲ ತೆಗೆದಿಟ್ಟ. ತ್ಯಾಪಿಯ ಡಬ್ಬಿ ಇಟ್ಟುಕೊಂಡ, ಒಂದು ಪಾನಾ ಇಟ್ಟುಕೊಂಡ, ನೀರಿಗೆ ದೊಡ್ಡ ಬಾಟಲಿ ಕಟ್ಟಿಕೊಂಡ. ಪಂಪು ಹಗುರವಾಗಿತ್ತು, ಹೊಸದೂ ಆಗಿತ್ತು. ಆದರೂ ಅದನ್ನು ಗೋಡೆಯ ಗೂಟಕ್ಕೆ ನೇತುಹಾಕಿದ.

ಹೆಂಡತಿ ಕೇಳಿದಳು, "ಪಂಚರ್ ಆದ್ರ ಗಾಳಿ ಹೆಂಗ ಹೊಡಕೋತೀರಿ?"

"ಹಾಲಿನಾಂವ ಬರ್ತಾನಲ್ಲ," ಎಂದ ವ್ಯಾಪಾರಿ.

ಗುರುಗಳು ಕತೆ ನಿಲ್ಲಿಸಿದರು.

ಅಡಿವೆಯ್ಯ ಸಾಮಾನನ್ನು ನೋಡುತ್ತ ಕೂತ. ಕೇಳುತ್ತ ಕೇಳುತ್ತ ಅವನ ಕಣ್ಣೂ ತೇವವಾಗಿತ್ತು. ಆ ವ್ಯಾಪಾರಿಯ ಬಗ್ಗೆ ಅವನಿಗೆ ಬಹಳ ಕನಿಕರ ಹುಟ್ಟಿತ್ತು. ಇಷ್ಟೆಲ್ಲ ಕಷ್ಟಪಟ್ಟ ಮೇಲೆ ಅವನಿಗೆ ಬುದ್ಧಿ ಬಂತಲ್ಲ ಎಂದು ಸಮಾಧಾನವೂ ಆಯಿತು. ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂದುಕೊಂಡ. ಕಂಬಳಿಯೊಳಗಿಂದ ಕೈ ಹೊರಗೆ ತೆಗೆದು ಪಂಪನ್ನು ಎತ್ತಿ ಬೇರೆ ಇಟ್ಟ.

"ತಿಳೀತ್ರೀ ಅಜ್ಜಾರ. ಪಂಪು ಬಿಟ್ಟು ಹೋಗ್ತೀನಿ," ಎಂದ.

ಗುರುಗಳು ಆ ಕೈಯನ್ನು ಹಿಡಿದುಕೊಂಡರು. ಬಿಡಲಿಲ್ಲ.

"ಪಂಪಿನ ಮಾತು ಇರ್ಲಿ, ತಮ್ಮಾ. ಜ್ವರ ಯಾವಾಗಿಂದ ಬಂದಾವ, ಅದನ್ನ ಹೇಳು."