ಸತ್ತ ರಾಜನ ಒನ್ಸ್ ಮೋರ್

“ಗುರುಗಳೇ, ಜನರ ಚಪ್ಪಾಳೆ ನನ್ನನ್ನು ಬಿಟ್ಟು ಹೊಸ ಗಾಯಕನ ಕಡೆ ತಿರುಗುತ್ತಿದೆ. ನನ್ನ ಹೆಸರನ್ನು ಉಳಿಸಿಕೊಳ್ಳುವುದು ಹೇಗೆ?” ಎಂದು ಹೆಸರಾಂತ ಹಾಡುಗಾರನಾಗಿದ್ದ ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ನಾಟಕ ಕಂಪನಿಯಲ್ಲಿ ಒಬ್ಬ ಗಾಯಕ ನಟನಿದ್ದ. ಅವನದು ರಾಜನ ಪಾತ್ರ. ಕೊನೆಯ ದೃಶ್ಯದಲ್ಲಿ ರಾಜ ಹಾಡುತ್ತಾ ಪ್ರಾಣ ಬಿಡಬೇಕು, ಮಗಳು ಹೆಣದ ಪಕ್ಕ ಕೂತು ಶೋಕದ ಹಾಡು ಹಾಡಬೇಕು, ಪರದೆ ಬೀಳಬೇಕು. ನಾಟಕ ಬರೆದದ್ದು ಹಾಗೆ. ಆಡುತ್ತಿದ್ದದ್ದೇ ಬೇರೆ. ರಾಜ ಸತ್ತ ಕೂಡಲೇ ಜನ “ಒನ್ಸ್ ಮೋರ್” ಎಂದು ಕೂಗುತ್ತಿದ್ದರು. ಆ ಕಾಲದ ಕಂಪನಿಗಳಲ್ಲಿ ಅದು ಪ್ರೇಕ್ಷಕರ ಅಪ್ಪಣೆ. ಕೂಗಿದ ಮೇಲೆ ಹಾಡಲೇಬೇಕು, ಸತ್ತಿದ್ದರೂ ಸರಿಯೇ. ರಾಜ ಎದ್ದು, ಕಿರೀಟ ಸರಿಮಾಡಿಕೊಂಡು, ಮತ್ತೆ ಹಾಡಿ, ಮತ್ತೆ ಸಾಯುತ್ತಿದ್ದ. ಮತ್ತೆ ಕೂಗು, ಮತ್ತೆ ಹಾಡು. ಮಗಳ ಸರದಿ ಬರುವಷ್ಟರಲ್ಲಿ ಹೊತ್ತಾಯಿತೆಂದು ಪರದೆ ಎಳೆದುಬಿಡುತ್ತಿದ್ದರು. ಗಾಯಕನಿಗೆ ಇದು ತಪ್ಪೆಂದು ಎಂದೂ ಅನಿಸಿರಲಿಲ್ಲ. ಸತ್ತು ಏಳುವ ಭಾಗ್ಯ ಎಷ್ಟು ಜನಕ್ಕಿದೆ, ಹೇಳು?

ಒಂದು ಸಂಜೆ ಅವನು ಬಣ್ಣ ಹಚ್ಚಿಕೊಳ್ಳುತ್ತಿದ್ದಾಗ ಮಗಳ ಪಾತ್ರದ ಹುಡುಗಿ ಬಂದು ನಿಂತಳು.

“ಮಾಸ್ತರ್ರೀ, ಇವತ್ತೊಂದಿನ ಸತ್ತಮ್ಯಾಲೆ ಏಳಬ್ಯಾಡ್ರಿ. ನಮ್ಮವ್ವ ನನ್ನ ಹಾಡು ಕೇಳಾಕಂತ ಊರಿಂದ ಬಂದಾಳ.”

“ಮಂದಿ ಕೂಗಿದ್ರ ನಾ ಏನ್ ಮಾಡ್ಲಿ ತಂಗಿ?” ಎಂದ ಅವನು. ಕನ್ನಡಿಯಿಂದ ಮುಖ ತಿರುಗಿಸಲಿಲ್ಲ.

ಅಂದು ರಾಜ ಸತ್ತ. ಜನ ಕೂಗಿದರು. ಹಾರ್ಮೋನಿಯಂ ಪೇಟಿ ಬಾರಿಸುವವನು ರೂಢಿಯಂತೆ ರಾಜನ ಹಾಡನ್ನೇ ಮತ್ತೆ ಎತ್ತಿಕೊಂಡ. ಏಳಲು ಹೊರಟ ಗಾಯಕ ಅರೆಗಣ್ಣು ತೆರೆದು ನೋಡಿದ. ಇವನು ಹೇಗೂ ಏಳುತ್ತಾನೆಂದು ಹುಡುಗಿ ಆಗಲೇ ಹಿಂದೆ ಸರಿದು ಅವನಿಗೆ ಜಾಗ ಬಿಟ್ಟಿದ್ದಳು. ಅದು ಅವನ ಎದೆಗೆ ನಾಟಿತು. ಮತ್ತೆ ಕಣ್ಣು ಮುಚ್ಚಿದ. ಕೂಗು ಹೆಚ್ಚಿತು, ಸಿಳ್ಳೆ ಬಿತ್ತು, ಕಂಪನಿಯ ಮಾಲೀಕ ಪರದೆಯ ಮರೆಯಿಂದ “ಏಳೋ ಮಾರಾಯಾ” ಎಂದು ಹಲ್ಲು ಕಡಿದ. ಹೆಣ ಅಲುಗಲಿಲ್ಲ. ಪೇಟಿಯವನು ಸೋತು ಮಗಳ ಹಾಡಿಗೆ ತಿರುಗಿದ.

ಹುಡುಗಿ ಹಾಡಿದಳು. ಇಷ್ಟು ಕಾಲ ಜೊತೆಗಿದ್ದೂ ಗಾಯಕ ಆ ಹಾಡನ್ನು ಪೂರ್ತಿ ಕೇಳಿರಲಿಲ್ಲ. ಎಂಥ ಗಂಟಲು! ತನಗಿಂತ ದೊಡ್ಡ ಗಂಟಲು. ಅವನ ಹೊಟ್ಟೆ ಉರಿಯಿತು. ಉರಿಯುತ್ತಿರುವಾಗಲೇ ಕಣ್ಣಲ್ಲಿ ನೀರೂ ಬಂತು. ಹಾಡು ಮುಗಿಯಿತು. ಜನ ಮೂಕರಾಗಿ ಕೂತಿದ್ದರು. ಯಾರೂ ಕೂಗಲಿಲ್ಲ. ತಾನು ಸೋತೆನೆಂದು ಹುಡುಗಿ ತಲೆ ತಗ್ಗಿಸಿದಳು. ಮಾಲೀಕ ಪರದೆಯ ಹಗ್ಗಕ್ಕೆ ಕೈ ಹಾಕಿದ.

ಆಗ ಸತ್ತ ರಾಜ ಎದ್ದು ಕೂತು, ಗಂಟಲು ಹರಿಯುವಂತೆ “ಒನ್ಸ್ ಮೋರ್!” ಎಂದು ಕೂಗಿದ.

ಇಡೀ ಥಿಯೇಟರು ಎದ್ದು ನಿಂತಿತು. ಹುಡುಗಿ ಹಾಡಿದಳು, ಮತ್ತೆ ಹಾಡಿದಳು, ಜನ ಸಾಕೆನ್ನಲಿಲ್ಲ. ಮುಂದಿನ ಸಾಲಿನಲ್ಲಿ ಅವಳ ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾ ಅಳುತ್ತಿದ್ದಳು. ಮಗಳ ಹಾಡಿಗೆ ತಾಳ ಹಾಕುತ್ತಾ ಕೂತ ರಾಜ ಅಂದು ಮತ್ತೆ ಸಾಯುವುದನ್ನೇ ಮರೆತ.

ಕತೆ ಕೇಳಿದ ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಅಲ್ಲಿಗೆ ಆ ಗಾಯಕನ ಕಾಲ ಮುಗಿಯಿತಲ್ಲವೇ ಗುರುಗಳೇ?” ಎಂದ.

“ಮುಗಿದಿದ್ದರೆ, ಇವತ್ತು ನಾನು ನಿನಗೆ ಯಾರ ಕತೆ ಹೇಳುತ್ತಿದ್ದೆ?” ಎಂದರು ಗುರುಗಳು.