ದ್ವೀಪದ ಬೆಲೆ

"ಅಜ್ಜಾರ, ಇಲ್ಲದವರಿಗಂತ ಇಟ್ಟ ಬೆಲಿಗೆ ಇದ್ದವರು ಬಂದು ಕೈ ಹಾಕಿದ್ರ, ಆ ಬೆಲೀನ ತಗದು ಹಾಕೂದು ತಪ್ಪೇನ್ರಿ?"

ಕೇಳಿದವಳು ಗಂಗಾಂಬಿಕೆ. ಜವಳಿ ಅಂಗಡಿಗಳ ಸರಕು ನೋಡಿಕೊಳ್ಳುವ ಒಂದು ಸಾಫ್ಟ್‌ವೇರ್ ಮಾಡಿ ಇಂಟರ್ನೆಟ್ಟಿನಲ್ಲಿ ಮಾರುವುದು ಅವಳ ಕಸುಬು. ಹನ್ನೊಂದು ದೇಶಗಳಲ್ಲಿ ಗಿರಾಕಿಗಳಿದ್ದರು. ಯಾವ ದೇಶದವರು ಪುಟ ತೆರೆದರೂ ಬೆಲೆ ಅವರವರ ಹಣದಲ್ಲೇ ಕಾಣುತ್ತಿತ್ತು. ಹಣ ಸೊರಗಿದ ದೇಶಗಳಿಗೆ ಅವಳು ಬೆಲೆಯನ್ನೂ ಇಳಿಸಿದ್ದಳು. ಆ ಇಳಿಸಿದ ಬೆಲೆಗೆ ಉಳ್ಳವರು ಸುಳ್ಳು ವಿಳಾಸ ಕೊಟ್ಟು ಕೊಳ್ಳತೊಡಗಿ ಎರಡು ವರ್ಷವಾಗಿತ್ತು. ಅವರನ್ನು ಹಿಡಿಯುವುದರಲ್ಲೇ ದಿನ ಮುಗಿಯುತ್ತಿತ್ತು. ಅವಳಿಗೆ ಸಾಕುಸಾಕಾಗಿತ್ತು. ನಾಳೆಯೇ ಎಲ್ಲ ದೇಶಕ್ಕೂ ಒಂದೇ ಬೆಲೆ ಮಾಡಿಬಿಡುವುದೆಂದು ಮನಸ್ಸು ಗಟ್ಟಿಮಾಡಿಕೊಂಡೇ ಮಠಕ್ಕೆ ಬಂದಿದ್ದಳು. ನಿಜ ಹೇಳಬೇಕೆಂದರೆ, ಅವಳು ಉತ್ತರ ಕೇಳಲು ಬಂದಿರಲಿಲ್ಲ, ಒಪ್ಪಿಗೆ ಪಡೆಯಲು ಬಂದಿದ್ದಳು.

ಗುರುಗಳಿಗೂ ಅಂದು ದಣಿವಾಗಿತ್ತು. ಬೆಳಗಿನಿಂದ ಮದುವೆಯ ಮುಹೂರ್ತ, ಬದುವಿನ ಜಗಳ, ಮಂಡಿನೋವು, ಎಲ್ಲವನ್ನೂ ಕೇಳಿ ಕೇಳಿ ಕಿವಿ ತುಂಬಿತ್ತು. ಮಠ ಸೇರುವ ಮುಂಚೆ ಅವರು ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಹತ್ತು ವರ್ಷ ಬಟ್ಟೆ ಅಳೆದವರು. ಗಂಗಾಂಬಿಕೆಯ ವ್ಯಾಪಾರದ ಒಳಹೊರಗನ್ನೂ ವರ್ಷಗಟ್ಟಲೆ ಅವಳ ಬಾಯಿಂದಲೇ ಕೇಳಿದ್ದರು. ಈಗ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

"ಕುಂದ್ರು ತಂಗಿ, ಒಂದು ಕತಿ ಹೇಳ್ತೇನಿ. ಉದ್ದ ಆತು ಅನಿಸಿದ್ರ ನಡುವ ಎದ್ದು ಹೋಗು, ನಾನೂ ಸ್ವಲ್ಪ ಅಡ್ಡಾಗ್ತೇನಿ," ಎಂದರು.

ಗಂಗಾಂಬಿಕೆ ಕುಳಿತಳು. ಗುರುಗಳು ಹೇಳಿದ ಕತೆ ಇದು.

ಒಬ್ಬ ವ್ಯಾಪಾರಿ ಇದ್ದ. ಔಷಧದ ಅಂಗಡಿಗಳಿಗೆಂದು ಅವನು ಒಂದು ಸಾಫ್ಟ್‌ವೇರ್ ಮಾಡಿದ. ಯಾವ ಮಾತ್ರೆ ಮುಗಿಯುತ್ತ ಬಂದಿದೆ, ಯಾವುದರ ಅವಧಿ ತೀರುತ್ತಿದೆ ಎಂಬುದನ್ನು ಅದು ಅಂಗಡಿಯವರಿಗೆ ಹೇಳುತ್ತಿತ್ತು. ಒಳ್ಳೆಯ ಸರಕು. ತಿಂಗಳಿಗಿಷ್ಟು ಎಂದು ಬೆಲೆ ಇಟ್ಟು ದೇಶದೇಶಗಳಿಗೆ ಮಾರಿದ. ಮೊದಲು ಎಲ್ಲರಿಗೂ ಒಂದೇ ಬೆಲೆ. ಆ ದಿನದ ದರ ನೋಡಿ ಯಂತ್ರವೇ ಅದನ್ನು ಕೊಳ್ಳುವವರ ಹಣಕ್ಕೆ ತಿರುಗಿಸಿ ತೋರಿಸುತ್ತಿತ್ತು.

ದೂರದ ಒಂದು ದ್ವೀಪದಿಂದ ಒಬ್ಬ ಹೆಂಗಸು ಅವನಿಗೆ ಪತ್ರ ಬರೆದಳು. ದೋಣಿಕಟ್ಟೆಯ ಹತ್ತಿರ ಅವಳದೊಂದು ಔಷಧದ ಅಂಗಡಿ. ದ್ವೀಪದ ಆ ದಂಡೆಗೆಲ್ಲ ಅದೊಂದೇ.

"ಅಯ್ಯಾ, ಸೋಮವಾರ ನೋಡಿದಾಗ ಒಂದು ಬೆಲೆ, ಗುರುವಾರ ನೋಡಿದಾಗ ಇನ್ನೊಂದು. ನಮ್ಮ ಹಣ ದಿನಕ್ಕಿಷ್ಟು ಇಳಿಯುತ್ತಿದೆ, ನಿಮ್ಮ ಬೆಲೆ ದಿನಕ್ಕಿಷ್ಟು ಏರುತ್ತಿದೆ. ನಾನು ಕೂಡಿಸಿಕೊಂಡು ಬರುವಷ್ಟರಲ್ಲಿ ಅದು ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತದೆ."

ವ್ಯಾಪಾರಿ ಕೆಟ್ಟವನಲ್ಲ. ಪತ್ರವನ್ನು ಎರಡು ಸಲ ಓದಿದ. ದ್ವೀಪದಲ್ಲಿ ಅಕ್ಕಿ ಎಷ್ಟು, ಬಾಡಿಗೆ ಎಷ್ಟು, ಸಣ್ಣ ಅಂಗಡಿಯ ತಿಂಗಳ ಗಳಿಕೆ ಎಷ್ಟು ಎಂದು ವಿಚಾರಿಸಿದ. ಆಮೇಲೆ ದ್ವೀಪದ ಹಣದಲ್ಲೇ ಒಂದು ಬೆಲೆ ಬರೆದ. ಬೇರೆಯವರು ಕೊಡುವುದರಲ್ಲಿ ಕಾಲುಭಾಗ. ದರ ಏರಲಿ, ಇಳಿಯಲಿ, ಇದು ಬದಲಾಗುವುದಿಲ್ಲ ಎಂದು ಅದರ ಕೆಳಗೆ ಬರೆದ. ಬರೆದ ಮೇಲೆ ಅವನಿಗೆ ಸಂತೋಷವಾಯಿತು. ಮಾರಿ ಆದ ಸಂತೋಷಕ್ಕಿಂತ ಅದು ದೊಡ್ಡದಾಗಿತ್ತು.

ದ್ವೀಪದಲ್ಲಿ ಮೊದಲು ಕೊಂಡವಳು ಆ ಹೆಂಗಸೇ. ಪ್ರತಿ ತಿಂಗಳು ಹಣ ಕಳಿಸಿ ಎರಡು ಸಾಲು ಬರೆಯುತ್ತಿದ್ದಳು. ಈ ತಿಂಗಳು ಒಂದು ಮಾತ್ರೆಯೂ ಹಾಳಾಗಲಿಲ್ಲ. ಈ ತಿಂಗಳು ಕೆಮ್ಮಿನ ಔಷಧ ಮುಗಿಯುವ ಮೊದಲೇ ತರಿಸಿದೆ. ಅಷ್ಟೇ. ವ್ಯಾಪಾರಿ ಕೆಲಸದ ನಡುವೆ ಆ ಎರಡು ಸಾಲಿಗೆ ಕಾಯುತ್ತಿದ್ದ.

ಒಂದು ವರ್ಷ ಹೀಗೆ ನಡೆಯಿತು. ದ್ವೀಪದ ಗಿರಾಕಿಗಳು ಅರವತ್ತು ಇದ್ದವರು ನೂರಾದರು, ನೂರು ಇದ್ದವರು ಮುನ್ನೂರಾದರು. ವ್ಯಾಪಾರಿ ಖುಷಿಯಾಗಿ ಕೆಲಸದವರಿಗೆಲ್ಲ ಸಿಹಿ ಹಂಚಿದ. ಸಿಹಿ ತಿಂದ ಒಬ್ಬರು ಕೇಳಿದರು, ಆ ದ್ವೀಪದಲ್ಲಿ ಔಷಧದ ಅಂಗಡಿ ಎಷ್ಟಿವೆ ಎಂದು. ಹುಡುಕಿ ನೋಡಿದರೆ ಎಂಬತ್ತು.

"ನಂದೂ ಹಿಂಗ ಆತ್ರಿ ಅಜ್ಜಾರ!" ಎಂದಳು ಗಂಗಾಂಬಿಕೆ. ಅವಳ ಮುಖ ಅರಳಿತು. ತನ್ನ ಕಡೆಯ ಮಾತನ್ನು ಕತೆಯೇ ಆಡುತ್ತಿದೆ ಎಂದು ಅವಳಿಗೆ ಅನ್ನಿಸಿತು.

"ಆಗಿರ್ತೈತಿ," ಎಂದು ಗುರುಗಳು ಮುಂದುವರಿಸಿದರು.

ಉಳಿದವರು ದೊಡ್ಡ ದೊಡ್ಡ ಪಟ್ಟಣಗಳ ಅಂಗಡಿಯವರು. ತಮ್ಮ ಕಂಪ್ಯೂಟರ್ ದ್ವೀಪದಲ್ಲೇ ಇದೆ ಎಂದು ತೋರುವ ಹಾಗೆ ಮಾಡಿಕೊಂಡಿದ್ದರು. ದೋಣಿಕಟ್ಟೆಯನ್ನು ಚಿತ್ರದಲ್ಲೂ ಕಾಣದವರು ದೋಣಿಕಟ್ಟೆಯ ವಿಳಾಸ ಕೊಟ್ಟಿದ್ದರು. ಹನ್ನೆರಡು ಶಾಖೆಗಳಿದ್ದ ಒಬ್ಬ ಶ್ರೀಮಂತ ಹನ್ನೆರಡಕ್ಕೂ ದ್ವೀಪದ ಬೆಲೆಯಲ್ಲೇ ಕೊಂಡಿದ್ದ. ವ್ಯಾಪಾರಿಗೆ ಹೋದ ಹಣಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಬೇರೆ. ತಾನು ಒಳ್ಳೆಯದಕ್ಕೆಂದು ಮಾಡಿದ್ದನ್ನು ಇವರೆಲ್ಲ ದಡ್ಡತನ ಎಂದುಕೊಂಡರಲ್ಲ ಎಂದು ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೂರನೆಯ ದಿನ ಕಾವಲು ಶುರುಮಾಡಿದ. ದ್ವೀಪದ ಬ್ಯಾಂಕಿನ ಕಾರ್ಡ್ ಇದ್ದವರಿಗೆ ಮಾತ್ರ ಆ ಬೆಲೆ ಎಂದ. ಅವರು ದ್ವೀಪದ ಕಾರ್ಡ್ ಸಂಪಾದಿಸಿದರು. ದ್ವೀಪದ ಫೋನ್ ನಂಬರು ಬೇಕು ಎಂದ. ಅವರು ನಂಬರನ್ನು ಬಾಡಿಗೆಗೆ ಹಿಡಿದರು. ಅಂಗಡಿಯ ಲೈಸೆನ್ಸಿನ ಫೋಟೋ ಕಳಿಸಿ ಎಂದ. ಕಳಿಸಿದರು, ನಿಜವಾದ ಲೈಸೆನ್ಸಿಗಿಂತ ಚೆನ್ನಾಗಿತ್ತು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬ ಆಟ. ಕೊನೆಗೆ ವ್ಯಾಪಾರಿ ಒಂದು ನಿಯಮ ಮಾಡಿದ. ಪ್ರತಿ ತಿಂಗಳು ಹಣ ಕಟ್ಟುವಾಗ ಕಟ್ಟುವವರು ದ್ವೀಪದಲ್ಲೇ ಇರಬೇಕು. ಹೊರಗಿನಿಂದ ಕಟ್ಟಿದರೆ ಯಂತ್ರ ತಾನಾಗಿ ಬೀಗ ಹಾಕುತ್ತದೆ. ಬೀಗ ತೆಗೆಯಬೇಕಾದರೆ ಲೈಸೆನ್ಸಿನ ಫೋಟೋವನ್ನು ಅಂದೇ ಹೊಸದಾಗಿ ತೆಗೆದು ಕಳಿಸಬೇಕು.

ಇಷ್ಟು ಹೊತ್ತಿಗೆ ಅವನು ವ್ಯಾಪಾರಿಯಾಗಿ ಉಳಿದಿರಲಿಲ್ಲ, ಕಾವಲುಗಾರನಾಗಿದ್ದ. ಸಾಫ್ಟ್‌ವೇರಿನ ತಪ್ಪುಗಳನ್ನು ತಿದ್ದಲು ಪುರಸೊತ್ತಿರಲಿಲ್ಲ. ಬೀಗ ಬಿದ್ದವರೆಲ್ಲ ಪತ್ರ ಬರೆಯುತ್ತಿದ್ದರು. ಬೆಳಿಗ್ಗೆ ಎದ್ದರೆ ನಲವತ್ತು ಪತ್ರ. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರಲ್ಲ, ಹಾಗೆ. ಒಬ್ಬ ದೋಣಿ ತಪ್ಪಿತು ಎನ್ನುತ್ತಿದ್ದ. ಒಬ್ಬನ ತಾಯಿ ಒಂದೇ ವರ್ಷದಲ್ಲಿ ಮೂರು ಸಲ ತೀರಿಕೊಂಡಿದ್ದಳು. ಕಳ್ಳರ ಪತ್ರಗಳು ಉದ್ದವಾಗಿ, ನಯವಾಗಿ, ಕಣ್ಣಲ್ಲಿ ನೀರು ಬರುವ ಹಾಗೆ ಇರುತ್ತಿದ್ದವು. ಮೊದಮೊದಲು ವ್ಯಾಪಾರಿಗೆ ನೀರು ಬರುತ್ತಿತ್ತು. ಆಮೇಲೆ ಸಿಟ್ಟು ಬರುತ್ತಿತ್ತು. ಆಮೇಲೆ ಏನೂ ಬರುತ್ತಿರಲಿಲ್ಲ. ಎಲ್ಲರಿಗೂ ಒಂದೇ ಉತ್ತರ ಬರೆದಿಟ್ಟುಕೊಂಡು ಅದನ್ನೇ ಕಳಿಸುತ್ತಿದ್ದ.

ಆ ದ್ವೀಪದ ಹೆಂಗಸು ಮೂರು ತಿಂಗಳಿಗೊಮ್ಮೆ ದೋಣಿ ಹತ್ತಿ ಆಚೆ ದಡದ ದೇಶಕ್ಕೆ ಔಷಧ ತರಲು ಹೋಗುತ್ತಿದ್ದಳು. ದ್ವೀಪದ ಔಷಧದ ಅಂಗಡಿಯವರೆಲ್ಲ ಮಾಡುವುದು ಹಾಗೆಯೇ. ಹಾಗೆ ಹೋದಾಗ ಒಮ್ಮೆ ಗಾಳಿ ಎದ್ದು ದೋಣಿಗಳು ನಿಂತವು. ಅವಳು ಅಲ್ಲೇ ಒಂದು ವಸತಿಗೃಹದಲ್ಲಿ ಉಳಿದಳು. ಹಣ ಕಟ್ಟುವ ದಿನ ಬಂತು. ಒಂದು ತಿಂಗಳೂ ತಪ್ಪಿಸಿದವಳಲ್ಲ, ಕುಳಿತಲ್ಲಿಂದಲೇ ಕಟ್ಟಿದಳು. ಕೂಡಲೇ ಬೀಗ ಬಿತ್ತು.

ದ್ವೀಪದಲ್ಲಿ ಅವಳ ನಾದಿನಿ ಅಂಗಡಿ ನೋಡಿಕೊಳ್ಳುತ್ತಿದ್ದಳು. ಯಾವ ಔಷಧ ಎಲ್ಲಿದೆ, ಯಾವುದನ್ನು ಕೊಡಬಹುದು, ಯಾವುದನ್ನು ಕೊಡಬಾರದು, ಎಲ್ಲವನ್ನೂ ಯಂತ್ರ ನೋಡಿ ಹೇಳುವುದು ಅವಳ ರೂಢಿ. ಆ ಯಂತ್ರವೇ ಈಗ ಮುಚ್ಚಿಕೊಂಡಿತು. ಅವಧಿ ಮೀರಿದ್ದನ್ನು ಯಾರಿಗಾದರೂ ಕೊಟ್ಟು ಏನಾದರೂ ಆದರೆ ಎಂದು ಹೆದರಿ ಅಂಗಡಿಗೇ ಬೀಗ ಹಾಕಿದಳು.

ಹೆಂಗಸು ವ್ಯಾಪಾರಿಗೆ ಬರೆದಳು. "ಔಷಧ ತರಲು ಆಚೆ ದಡಕ್ಕೆ ಬಂದಿದ್ದೇನೆ. ದೋಣಿ ನಿಂತಿವೆ. ಅಂಗಡಿ ಮುಚ್ಚಿದೆ, ದಯಮಾಡಿ ತೆಗೆಯಿರಿ."

ಅಂದು ದೋಣಿಯ ನೆವ ಹೇಳಿದವರಲ್ಲಿ ಅವಳು ಏಳನೆಯವಳು. ಲೈಸೆನ್ಸಿನ ಹೊಸ ಫೋಟೋ ಕಳಿಸಿ ಎಂಬ ಸಿದ್ಧ ಉತ್ತರ ಹೋಯಿತು. ಅವಳು ಇನ್ನೊಮ್ಮೆ ಬರೆದಳು. ವ್ಯಾಪಾರಿ ಮೊದಲ ಸಾಲು ಓದಿ ನಕ್ಕು, ಅದೇ ಉತ್ತರ ಕಳಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಎಳೆದವನಿಗೆ ಅದು ಎಮ್ಮೆ ಎಂದೂ ತಿಳಿಯಲಿಲ್ಲ.

ಒಂಬತ್ತು ದಿನ ದೋಣಿಗಳು ಹೊರಡಲಿಲ್ಲ. ಒಂಬತ್ತು ದಿನ ಆ ದಂಡೆಯ ಜನ ಔಷಧಕ್ಕೆ ಬಂದು, ಬೀಗ ನೋಡಿ, ತಿರುಗಿ ಹೋದರು.

ವರ್ಷ ಕಳೆಯಿತು. ಕಾವಲು ಕೊನೆಗೂ ಗೆದ್ದಿತು. ಒಂದು ದಿನ ವ್ಯಾಪಾರಿ ದ್ವೀಪದ ಪಟ್ಟಿ ತೆರೆದು ನೋಡಿದ. ಒಬ್ಬ ಕಳ್ಳನೂ ಇರಲಿಲ್ಲ. ಪಟ್ಟಿಯಲ್ಲಿ ಯಾರೂ ಇರಲಿಲ್ಲ. ಔಷಧ ತರಲು ದಾಟಲೇಬೇಕಾದವರು ಒಬ್ಬೊಬ್ಬರಾಗಿ ಬೀಗ ಬಿದ್ದು, ಬೇಸತ್ತು ಬಿಟ್ಟುಹೋಗಿದ್ದರು. ಆಗ ಅವನಿಗೆ ಆ ಎರಡು ಸಾಲಿನ ಹೆಂಗಸು ನೆನಪಾದಳು. ಬಹಳ ದಿನದಿಂದ ಅವಳ ಸಾಲುಗಳು ಬಂದಿಲ್ಲವೆಂಬುದೂ ಆಗಲೇ ಹೊಳೆಯಿತು. ಹಳೆಯ ಪತ್ರಗಳ ರಾಶಿಯಲ್ಲಿ ಹುಡುಕಿ ಅವಳ ಕೊನೆಯ ಪತ್ರ ತೆಗೆದ. ಅಂದು ಮೊದಲ ಸಾಲು ಮಾತ್ರ ಓದಿದ್ದ. ಈಗ ಪೂರ್ತಿ ಓದಿದ.

"ಲೈಸೆನ್ಸು ಅಂಗಡಿಯ ಗೋಡೆಯ ಮೇಲಿದೆ, ನಾನು ಇಲ್ಲಿದ್ದೇನೆ, ಅಲ್ಲಿರುವ ನಾದಿನಿಯ ಫೋನಿಗೆ ಕ್ಯಾಮೆರಾ ಇಲ್ಲ. ಫೋಟೋ ಹೇಗೆ ತೆಗೆಯಲಿ? ನಿಮಗೆ ನನ್ನ ಪರಿಚಯ ಇದೆಯಲ್ಲ?"

ಅವನಿಗೆ ನಾಚಿಕೆಯಾಯಿತು. ತುಂಬ ದುಃಖವೂ ಆಯಿತು. ಕೂಡಲೇ ಅವಳಿಗೆ ಬರೆದ. ತಪ್ಪಾಯಿತು, ಇನ್ನು ಮೇಲೆ ನೀವು ಏನೂ ಕೊಡಬೇಡಿ, ಸಾಫ್ಟ್‌ವೇರ್ ಸುಮ್ಮನೆ ಇಟ್ಟುಕೊಳ್ಳಿ ಎಂದ. ನಾಲ್ಕು ದಿನಕ್ಕೆ ಉತ್ತರ ಬಂತು, ಹಿಂದಿನಂತೆಯೇ ಎರಡು ಸಾಲು.

"ಈಗ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ನಾನು ಯಾವ ದಡದಲ್ಲಿದ್ದರೂ ನಾದಿನಿಗೆ ಅದು ತೆರೆಯುತ್ತದೆ."

ಗುರುಗಳು ಕತೆ ನಿಲ್ಲಿಸಿ ಚೊಂಬಿನ ನೀರು ಕುಡಿದರು.

 ಗಂಗಾಂಬಿಕೆಗೆ ತಾನೂ ಬರೆದಿಟ್ಟುಕೊಂಡಿದ್ದ ಸಿದ್ಧ ಉತ್ತರ ನೆನಪಾಯಿತು. ಅದರಲ್ಲಿ ದಯವಿಟ್ಟು ಎಂಬ ಮಾತನ್ನೂ ಹೋದ ತಿಂಗಳು ತೆಗೆದಿದ್ದಳು. ಆದರೂ ಎರಡು ವರ್ಷದ ಸಿಟ್ಟು ಅಷ್ಟು ಸುಲಭಕ್ಕೆ ಇಳಿಯುವುದಲ್ಲ.

"ಕಾವಲ ಹಾಕಿದ್ದು ತಪ್ಪಾತು, ಒಪ್ತೇನ್ರಿ. ಇನ್ನ ಮ್ಯಾಲೆ ನಾ ಕಾವಲ ಹಾಕೂದಿಲ್ಲ, ಸಣ್ಣ ಬೆಲೀನ ತಗೀತೇನಿ. ಇಲ್ಲಾಂದ್ರ ಆ ಕಳ್ಳರು ನನ್ನ ನೋಡಿ ನಗಲೇನ್ರಿ ಅಜ್ಜಾರ?" ಎಂದಳು. "ಎಲ್ಲಾರಿಗೂ ಬಾಗಲಾ ಹಾಕಿದ್ರ ಕಳ್ಳರಿಗೂ ಹಾಕಿದಂಗ ಆತಲ್ರಿ."

ಗುರುಗಳು ಅವಳ ಮುಖ ನೋಡಿದರು.

"ಕಳ್ಳರಿಗೆ ಹೋಗಾಕ ನೂರು ಅಂಗಡಿ ಅದಾವು ತಂಗಿ, ಹಾಕಿದ ಬಾಗಲದ ಮುಂದ ನಿಲ್ಲಾಕಿ ಆಕಿ ಒಬ್ಬಾಕೀನ."